ನಿಮ್ ಎಟಿಸಿ (ಏರ್ ಟ್ರಾಫಿಕ್ ಕಂಟ್ರೋಲ್) ಯೂನಿಟ್‌ಗೆ ಹೊಸ ಸಿಸ್ಟಂ ಬರ್ತಿದ್ಯಾ? ಕಂಟ್ರೋಲರ್‌ಗಳು ಹಿಂಗ್ ಮಾಡಿ

ಹೊಸ ರೇಡಾರ್ ಡಿಸ್ಪ್ಲೇನೋ ಎಲೆಕ್ಟ್ರಾನಿಕ್ ಸ್ಟ್ರಿಪ್ಪೋ (ಒಂದೊಂದ್ ವಿಮಾನದ ವಿವರ ಇರೋ ಪಟ್ಟಿ) ಬರುತ್ತೆ ಅಂತ ಸುದ್ದಿ ಬಿದ್ದ ತಕ್ಷಣ ವರ್ಕಿಂಗ್ ಗ್ರೂಪ್‌ಗೆ ಹೆಸ್ರು ಕೊಡಿ, ಟ್ರೈನಿಂಗ್ ಸರ್ಕ್ಯುಲರ್ ಬರ್ಲಿ ಅಂತ ಕಾಯ್ತಾ ಕೂತ್ರೆ ಅಷ್ಟೊತ್ತಿಗೆ ಕಾಂಟ್ರ್ಯಾಕ್ಟ್ ಸೈನ್ ಆಗಿರುತ್ತೆ, ಆಮೇಲೆ ಒಂದ್ ಬಟನ್ ಜಾಗ ಬದಲಾಯಿಸ್ಬೇಕಂದ್ರೂ ದುಡ್ಡು, ಟೈಮು, ಜಗಳ.

ಅಮೆರಿಕದೋರು ಇದನ್ನ ಎರಡ್ ಸಲ ಅನುಭವಿಸಿದ್ರು. 1997ರಲ್ಲಿ, ಏರ್‌ಪೋರ್ಟ್ ಸುತ್ತಲಿನ ವಿಮಾನ ನೋಡ್ಕೊಳ್ಳೋಕೆ ತಂದ ಸ್ಟಾರ್ಸ್ ಸಿಸ್ಟಂ ನೋಡಿದ ಕಂಟ್ರೋಲರ್‌ಗಳು ಮೆನು ವಿಂಡೋ ತೆಗೆದ್ರೆ ಕೆಳಗಿರೋ ಟ್ರಾಫಿಕ್ಕೇ ಮುಚ್ಚೋಗುತ್ತೆ ಅಂತ ತಕರಾರು ಎತ್ತಿದ್ರು. ಆಮೇಲೆ ಎರಾಮ್, ಏರ್‌ಪೋರ್ಟ್‌ಗಳ ಮಧ್ಯೆ ದೂರ ಹಾರೋ ವಿಮಾನಗಳಿಗೆ ಇರೋ ಸಿಸ್ಟಂ. 2010ಕ್ಕೆ ಮುಗೀಬೇಕಿತ್ತು, ಸಾಲ್ಟ್ ಲೇಕ್ ಕಂಟ್ರೋಲ್ ಸೆಂಟರ್‌ನಲ್ಲಿ ಹಾಕಿ ನೋಡಿದ್ರೆ ಒಂದ್ ವಿಮಾನದ ಡೇಟಾ ಇನ್ನೊಂದಕ್ಕೆ ಅಂಟ್ಕೊಳ್ಳೋದು. ಕಂಟ್ರೋಲರ್‌ಗಳನ್ನ ಸರಿಯಾಗಿ ಒಳಗೆ ಸೇರಿಸ್ಕೊಂಡು, ರಿಪೇರಿ ಮಾಡಿ, 20 ಸೆಂಟರ್‌ಗೂ ಹಾಕೋ ಹೊತ್ತಿಗೆ 2015 ಆಯ್ತು.

ಸಿಮ್ಯುಲೇಟರ್‌ನಲ್ಲಿ ವೆಂಡರ್ ಕೊಡೋ ಎಕ್ಸರ್‌ಸೈಸ್ ನಂಬ್ಬೇಡಿ, ಅದ್ರಲ್ಲಿ ಮೋಡಾನೇ ಇರಲ್ಲ. ನೀವೇ ಕೆಟ್ಟ ದಿನ ಬರೀರಿ. ಬೆಂಗಳೂರಾದ್ರೆ ಯಲಹಂಕದಲ್ಲಿ ಏರೋ ಇಂಡಿಯಾ, ಕೆಐಎ ಕೆಲವು ಗಂಟೆ ಕ್ಲೋಸು, ಓಪನ್ ಆದ ಕೂಡ್ಲೇ ಎಲ್ರೂ ಒಟ್ಟಿಗೆ ನುಗ್ಗೋದು. ಇನ್ನೊಂದ್ರಲ್ಲಿ ಏಪ್ರಿಲ್ ಸಂಜೆ ಗುಡುಗು ಮಳೆ, ಎಲ್ರಿಗೂ ಡೀವಿಯೇಶನ್ (ಮೋಡ ತಪ್ಪಿಸೋಕೆ ಬೇರೆ ದಾರಿ) ಬೇಕು.

ಎಲ್ಲಕ್ಕಿಂತ ಮುಖ್ಯ: ಯಾವ ಫಂಕ್ಷನ್ ಆಫ್ ಆಗಿದೆ ಅಂತ ಕಂಟ್ರೋಲರ್‌ಗೆ ಯಾರ್ ಹೇಳ್ತಾರೆ, ಸ್ಕ್ರೀನ್ ಮೇಲೆ ಎಲ್ಲಿ ಕಾಣುತ್ತೆ? ಇದನ್ನ ಬರಹದಲ್ಲೇ ಕೇಳಿ. 2002 ಜುಲೈ 1ರ ರಾತ್ರಿ ಜರ್ಮನಿಯ ಯೂಬರ್ಲಿಂಗೆನ್ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 71 ಜನ ಸತ್ರು. ಆ ಜಾಗದ ವಿಮಾನಗಳನ್ನ ನೋಡ್ಕೊಳ್ತಿದ್ದ ಜ್ಯೂರಿಕ್‌ ಸೆಂಟರ್‌ನಲ್ಲಿ ಆವತ್ತು ಮೇಂಟೆನೆನ್ಸ್ ನಡೀತಿತ್ತು, ಸ್ಕ್ರೀನ್ ಮೇಲೆ ಕಾನ್‌ಫ್ಲಿಕ್ಟ್ ವಾರ್ನಿಂಗ್ (ವಿಮಾನಗಳು ತೀರಾ ಹತ್ರ ಬರ್ತಿವೆ ಅನ್ನೋ ಎಚ್ಚರಿಕೆ) ಬರಲ್ಲ ಅನ್ನೋದು ಡ್ಯೂಟಿಲಿದ್ದ ಕಂಟ್ರೋಲರ್‌ಗೇ ಗೊತ್ತಿರ್ಲಿಲ್ಲ, ಮೇನ್ ಫೋನ್ ಲೈನೂ ಬಂದ್, ಜರ್ಮನಿಯ ಕಾರ್ಲ್ಸ್‌ರೂಹೆ ಸೆಂಟರ್‌ನೋರು ಎಚ್ಚರಿಸೋಕೆ ಎಷ್ಟ್ ಟ್ರೈ ಮಾಡಿದ್ರೂ ಸಿಗ್ಲಿಲ್ಲ. ಒಂದ್ ವಿಮಾನಕ್ಕೆ ಟಿಕ್ಯಾಸ್ (ಡಿಕ್ಕಿ ತಪ್ಪಿಸೋಕೆ ವಿಮಾನದಲ್ಲೇ ಇರೋ ಸಾಧನ) ಮೇಲೇರು ಅಂತಿತ್ತು, ಅದೇ ವಿಮಾನಕ್ಕೆ ಕಂಟ್ರೋಲರ್ ಇಳಿ ಅಂದಿದ್ರು, ಟಿಕ್ಯಾಸ್ ಏನಂತಿದೆ ಅನ್ನೋದು ಅವ್ರ ಸ್ಕ್ರೀನಲ್ಲಿ ಕಾಣೋ ವ್ಯವಸ್ಥೇನೇ ಇರ್ಲಿಲ್ಲ. ಹಂಗಾಗಿ ಯಾವ್ದು ಆಫ್ ಇದೆ ಅನ್ನೋದು ಟೇಕೋವರ್ ಚೆಕ್‌ಲಿಸ್ಟ್‌ನಲ್ಲಿ ಒಂದ್ ಲೈನ್ ಆಗಿ ಬರ್ಲೇಬೇಕು, ಬಿಡ್ಬೇಡಿ.

ಟ್ರಯಲ್ ಟೈಮಲ್ಲಿ ನೋಟ್ಸ್ ಬರೆಯೋವಾಗ "ಸಿಸ್ಟಂ ಸ್ಲೋ" ಅಂತ ಬರೆದ್ರೆ ಯಾರೂ ಓದಲ್ಲ. "10:42 ಯುಟಿಸಿ, ಹ್ಯಾಂಡಾಫ್ (ವಿಮಾನ ಒಬ್ರಿಂದ ಇನ್ನೊಬ್ರಿಗೆ ಒಪ್ಪಿಸೋದು) ಅಕ್ಸೆಪ್ಟ್ ಆದ್ಮೇಲೂ ವಿಮಾನದ ಲೇಬಲ್ 4 ಸೆಕೆಂಡ್ ಹಳೇ ಎತ್ತರಾನೇ ತೋರಿಸ್ತು, ಪಕ್ಕದ ಪೊಸಿಶನ್‌ನಲ್ಲೂ ಸೇಮ್" ಅಂತ ಬರೀರಿ, ಇಂಜಿನಿಯರ್ ಲಾಗ್ ತೆಗೆದು ನೋಡ್ಲೇಬೇಕಾಗುತ್ತೆ.

ಗೋ ಲೈವ್ ಆದ್ಮೇಲೆ ವಾಲಂಟರಿ ರಿಪೋರ್ಟ್ ಹಾಕ್ತಾ ಇರಿ. ಅಮೆರಿಕದಲ್ಲಿ 2008ರಿಂದ ಇದಕ್ಕೇ ಅಂತ ಅಟ್‌ಸ್ಯಾಪ್ ಇದೆ, ಇಲ್ಲಿ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಗೂ ವಾಲಂಟರಿ ರಿಪೋರ್ಟಿಂಗ್ ಇದೆ. ಬೇಕಂತ್ಲೇ ಮಾಡಿದ ತಪ್ಪಿಗೆ ಇದ್ರಲ್ಲಿ ರಕ್ಷಣೆ ಸಿಗಲ್ಲ, ಗೊತ್ತಿರ್ಲಿ. "ಯೂಸರ್ ಎರರ್" ಅಂತ ಷರಾ ಬರೆದು ನಿಮ್ ರಿಪೋರ್ಟ್ ಕ್ಲೋಸ್ ಮಾಡಿದ್ರೆ, ಅದೇ ತಪ್ಪು ಬೇರೆ ಶಿಫ್ಟ್‌ನೋರಿಗೂ ಆಗಿದ್ಯಾ ವಿಚಾರಿಸಿ, ಆಗಿದ್ರೆ ಎಲ್ರ ರಿಪೋರ್ಟೂ ಒಟ್ಟಿಗೆ ಲಗತ್ತಿಸಿ ರೀಓಪನ್ ಮಾಡ್ಸಿ.