ಅಂಚೆಚೀಟಿ ಸಂಗ್ರಹ ಶುರು ಮಾಡುವವರಿಗೆ

ರಜೆಯಲ್ಲಿ ಮಕ್ಕಳಿಗೆ ಸ್ಟ್ಯಾಂಪ್ ಕೂಡಿಸುವ ಹುಚ್ಚು ಹಿಡಿದಿದೆ, ಹೇಗೆ ಶುರು ಮಾಡುವುದು ಎಂದು ಗುಂಪಿನಲ್ಲಿ ಇಬ್ಬರು ಮೂವರು ಕೇಳಿದ್ದಿರಿ. ಮೊದಲು ಮನೆಯ ಹಳೇ ಕಾಗದಪತ್ರದ ಕಟ್ಟು ಬಿಚ್ಚಿ. ಅದರಲ್ಲಿ ಸಿಗುವ ಚಿಕ್ಕ ಚೀಟಿಗಳು ಹೆಚ್ಚಾಗಿ ನಿತ್ಯಬಳಕೆಯವು, ಅಂದರೆ ಡೆಫಿನಿಟಿವ್. ವರ್ಷಗಟ್ಟಲೆ ಮತ್ತೆ ಮತ್ತೆ ಅಚ್ಚಾಗುತ್ತವೆ. ವ್ಯಕ್ತಿ, ಘಟನೆಯ ನೆನಪಿಗೆ ಬರುವ ಸ್ಮರಣಾರ್ಥ ಚೀಟಿಗಳು ಸಾಮಾನ್ಯವಾಗಿ ದೊಡ್ಡವು, ಮುದ್ರಣವೂ ಸೀಮಿತ. ಸ್ವತಂತ್ರ ಭಾರತದ ಮೊದಲ ಚೀಟಿ, 1947ರ ನವೆಂಬರ್ 21ರ ಮೂರೂವರೆ ಆಣೆಯ ಧ್ವಜದ್ದು, ಈ ಜಾತಿಯದೇ.

ಚೀಟಿಯ ಮೇಲೆ 'ಸರ್ವಿಸ್' ಎಂದಿದ್ದರೆ ಅದು ಸರ್ಕಾರಿ ಕಚೇರಿಯ ಬಳಕೆಗೆ. ರಸೀದಿಗೆ ಅಂಟಿಸುವ ರೆವಿನ್ಯೂ ಸ್ಟ್ಯಾಂಪ್ ಅಂಚೆಚೀಟಿಯೇ ಅಲ್ಲ, ಬೇರೆ ಇಡಿ.

ಕೊಳ್ಳುವುದಾದರೆ ಮಿನಿಯೇಚರ್ ಶೀಟ್ (ಒಂದೋ ಕೆಲವೋ ಚೀಟಿಗಳಿರುವ, ಅಂಚಿನಲ್ಲಿ ಚಿತ್ರವಿರುವ ಪುಟ್ಟ ಹಾಳೆ), ಬಿಡುಗಡೆ ದಿನದ ಮುದ್ರೆಯಿರುವ ಫಸ್ಟ್ ಡೇ ಕವರ್ ನೋಡಿ. 2006ರಲ್ಲಿ ಬಂದ ಶ್ರೀಗಂಧದ ಪರಿಮಳದ ಚೀಟಿ ಮಕ್ಕಳಿಗೆ ತೋರಿಸಲೇಬೇಕು!

ಬಳಸಿದ ಚೀಟಿಯನ್ನು ಲಕೋಟೆಯಿಂದ ಕಿತ್ತುಬಿಡಬೇಡಿ. ಸುತ್ತ ಅಂಚು ಬಿಟ್ಟು ಕತ್ತರಿಸಿ, ತಣ್ಣೀರಲ್ಲಿ ನೆನೆಸಿದರೆ ತಾನೇ ಬಿಡುತ್ತದೆ. ಮುದ್ರೆ ಚೆನ್ನಾಗಿ ಬಿದ್ದಿದ್ದರೆ ಲಕೋಟೆ ಸಮೇತ ಉಳಿಸುವುದೇ ಲೇಸು.

ಕಾರವಾರದ ಉಪ್ಪುಗಾಳಿ, ಶಿರಸಿಯ ಮಳೆಗಾಲ ಎರಡೂ ಅಂಟಿನ ಶತ್ರು. ಬಳಸದ ಚೀಟಿ ಆಲ್ಬಂ ಪುಟಕ್ಕೇ ಕಚ್ಚಿಕೊಳ್ಳುತ್ತದೆ. ಸ್ಟಾಕ್‌ಬುಕ್ (ಚೀಟಿಗಳನ್ನು ಅಂಟಿಸದೆ ಪಟ್ಟಿಗಳಲ್ಲಿ ಸಿಕ್ಕಿಸಿಡುವ ಪುಸ್ತಕ) ನಿಲ್ಲಿಸಿಯೇ ಇಡಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಮುಟ್ಟಲು ಚಪ್ಪಟೆ ತುದಿಯ ಚಿಮಟವೇ ಇರಲಿ; ತಿಂಡಿ ತಿಂದ ಕೈ ಬೇಡ.