ಭಜನೆಗೊಂದು, ಬೀಟ್‌ಗೊಂದು: ಮ್ಯೂಸಿಕ್ ಸಾಫ್ಟ್‌ವೇರ್ ಆರಿಸುವುದು ಹೇಗೆ?

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮನೆಯ ರೂಮನ್ನೇ ಸ್ಟುಡಿಯೊ ಮಾಡಿಕೊಂಡ ಹುಡುಗರು ಈಗ ಬೇಕಾದಷ್ಟಿದ್ದಾರೆ. ಹೆಚ್ಚಿನವರು ಮೊದಲು ಮಾಡುವ ಕೆಲಸ, ಗೆಳೆಯನ ಪೆನ್‌ಡ್ರೈವ್‌ನಿಂದ ಎಫ್‌ಎಲ್ ಸ್ಟುಡಿಯೊ ಅನ್ನೋ ಮ್ಯೂಸಿಕ್ ಸಾಫ್ಟ್‌ವೇರ್ ಹಾಕಿಸಿಕೊಳ್ಳುವುದು. ಆಮೇಲೆ ಕೈವಾರ ತಾತಯ್ಯನವರ ತತ್ವಪದವನ್ನು ಅದರಲ್ಲಿ ರೆಕಾರ್ಡ್ ಮಾಡಲು ಹೋಗಿ ಒದ್ದಾಡುವುದು. ಸಾಫ್ಟ್‌ವೇರ್ ಕೆಟ್ಟದ್ದಲ್ಲ, ಅದನ್ನು ಮಾಡಿದ್ದು ಬೇರೆ ಕೆಲಸಕ್ಕೆ.

1. ಕೆಲಸ ಯಾವುದು, ಬರೆದುಕೊಳ್ಳಿ

ಮುಂದಿನ ಆರು ತಿಂಗಳಲ್ಲಿ ನಿಜವಾಗಿ ಮಾಡುವ ಕೆಲಸ ಮಾತ್ರ. ‘ಮುಂದೆ ಸಿನಿಮಾಗೆ ಮ್ಯೂಸಿಕ್ ಮಾಡ್ತೀನಿ’ ಅನ್ನೋದು ಬೇಡ.

2. ಕೆಲಸಕ್ಕೆ ತಕ್ಕದ್ದನ್ನು ಹುಡುಕಿ

ಮಾತು, ಪಾಡ್‌ಕಾಸ್ಟ್, ಹಳೇ ಕ್ಯಾಸೆಟ್ ಕಂಪ್ಯೂಟರಿಗೆ ಏರಿಸುವುದಕ್ಕೆ ಆಡಾಸಿಟಿ ಸಾಕು. ಪುಕ್ಕಟೆ. ಬೀಟ್ ಕಟ್ಟಿ ರ‍್ಯಾಪ್ ಹಾಡುವವರಿಗೆ ಎಫ್‌ಎಲ್ ಸ್ಟುಡಿಯೊ. ಒಮ್ಮೆ ಕೊಂಡರೆ ಜೀವನಪೂರ್ತಿ ಅಪ್‌ಡೇಟ್ ಉಚಿತ. ವೇದಿಕೆಯ ಮೇಲೆ ಲೂಪ್ ಬಿಟ್ಟು ನುಡಿಸುವವರಿಗೆ ಏಬಲ್‌ಟನ್ ಲೈವ್. ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡಿನಲ್ಲಿ ಕಲಿತು ಲಾಜಿಕ್‌ಗೆ ಹೋಗಿ. ಮ್ಯಾಕ್ ಇಲ್ಲವೇ? ಲಾಜಿಕ್ ಮಾತೇ ಬೇಡ, ಅದು ವಿಂಡೋಸ್‌ನಲ್ಲಿ ಓಡುವುದಿಲ್ಲ. ಪ್ರೊ ಟೂಲ್ಸ್ ಬೇಕಾಗುವುದು ದೊಡ್ಡ ಸ್ಟುಡಿಯೊಗಳ ಜೊತೆ ಪ್ರಾಜೆಕ್ಟ್ ಕೊಟ್ಟು ತಗೊಳ್ಳುವವರಿಗೆ.

ಭಜನೆ, ತತ್ವಪದ, ತಮಟೆ ರೆಕಾರ್ಡ್ ಮಾಡುವವರು ರೀಪರ್ ತಗೊಳ್ಳಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ನೋಡಲು ಚೆಂದ ಇಲ್ಲ, ಇರಲಿ ಬಿಡಿ.

3. ಕೊಳ್ಳುವ ಮುಂಚೆ ಒಂದು ಹಾಡು ಪೂರ್ತಿ ಮಾಡಿ ನೋಡಿ

ಎಲ್ಲರೂ ಎಡವುವುದು ಇಲ್ಲೇ. ಯೂಟ್ಯೂಬ್ ನೋಡಿ ತೀರ್ಮಾನ ಮಾಡಿಬಿಡುತ್ತಾರೆ. ನಿಮ್ಮದೇ ಕಂಪ್ಯೂಟರ್, ನಿಮ್ಮದೇ ಮೈಕ್, ನಿಮ್ಮೂರಿನ ಹಾಡುಗಾರರನ್ನು ಇಟ್ಟುಕೊಂಡು ಪರೀಕ್ಷೆ ಮಾಡಬೇಕು.

ಮೊದಲು ತಡ ಎಷ್ಟಿದೆ ನೋಡಿ. ಹಾಡಿದ್ದು ಕಂಪ್ಯೂಟರ್ ಒಳಗೆ ಹೋಗಿ ಹೆಡ್‌ಫೋನಿಗೆ ವಾಪಸ್ ಬರಲು ಸ್ವಲ್ಪ ಹೊತ್ತು ಬೇಕು. ಸೆಟ್ಟಿಂಗ್‌ನಲ್ಲಿ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಹಿಡಿದಿಟ್ಟು ಕಳಿಸುವ ಸದ್ದಿನ ತುಣುಕುಗಳ ಲೆಕ್ಕ) 1024 ಇದ್ದರೆ, 48 ಕಿಲೋಹರ್ಟ್ಜ್‌ನಲ್ಲಿ (ಅಂದರೆ ಸೆಕೆಂಡಿಗೆ 48 ಸಾವಿರ ತುಣುಕು) ಒಂದು ದಿಕ್ಕಿಗೇ ಸುಮಾರು 21 ಮಿಲಿಸೆಕೆಂಡ್. ಹೋಗಿ ಬರುವಷ್ಟರಲ್ಲಿ ಅದರ ಎರಡರಷ್ಟಾಗುತ್ತದೆ. ಹಾಡುಗಾರ ತನ್ನ ದನಿ ತಾನೇ ಕೇಳಿ ತಡವರಿಸುತ್ತಾನೆ. ‘ತಾಳ ಬರಲ್ಲ ಇವನಿಗೆ’ ಅಂತ ಪಾಪ ಅವನನ್ನೇ ಬಯ್ಯುವುದನ್ನು ನೋಡಿದ್ದೇನೆ. ರೆಕಾರ್ಡಿಂಗ್ ಹೊತ್ತಿನಲ್ಲಿ ಬಫರ್ 128 ಅಥವಾ 256ಕ್ಕೆ ಇಳಿಸಿ, ಆಮೇಲೆ ಟ್ರ್ಯಾಕ್‌ಗಳನ್ನೆಲ್ಲ ಸೇರಿಸಿ ಹದ ಮಾಡುವ ಮಿಕ್ಸಿಂಗ್‌ಗೆ 1024ಕ್ಕೆ ಏರಿಸಿ. ಇಳಿಸಿದಾಗ ಚಟಪಟ ಸದ್ದು ಬಂದರೆ ಒಂದು ಮೆಟ್ಟಿಲು ಮೇಲಕ್ಕೆ ಹೋಗಿ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಪೆಟ್ಟಿಗೆ ಇದ್ದರೆ, ವಿಂಡೋಸ್‌ನಲ್ಲಿ ಅದರದೇ ಏಸಿಯೊ (ASIO) ಡ್ರೈವರ್ ಹಾಕಿ, ತಡ ಕಡಿಮೆ ಮಾಡುವುದು ಅದೇ. ಇಲ್ಲದಿದ್ದರೆ ಮಾತ್ರ ಏಸಿಯೊ4ಆಲ್ ಅನ್ನೋ ಸಾಮಾನ್ಯ ಡ್ರೈವರ್. ಬ್ಲೂಟೂತ್ ಹೆಡ್‌ಫೋನ್ ಅಂತೂ ರೂಮಿನಿಂದ ಆಚೆಗಿಡಿ.

ಎರಡನೆಯದು ತಾಳದ ಗ್ರಿಡ್, ಅಂದರೆ ಸಾಫ್ಟ್‌ವೇರ್ ಪರದೆ ಮೇಲೆ ಸಮ ಅಂತರದಲ್ಲಿ ಎಳೆದಿರುವ ತಾಳದ ಗೆರೆಗಳು. ಭಜನೆ ನಿಧಾನವಾಗಿ ಶುರುವಾಗಿ, ತಾಳ ಬಿಸಿಯೇರಿದ ಹಾಗೆ ಓಡುತ್ತದೆ. ಅದು ಕಂಪ್ಯೂಟರ್ ಟಕ್ ಟಕ್ ಅಂತ ಹಾಕುವ ಯಾವ ಕ್ಲಿಕ್‌ಗೂ ಸಿಗುವುದಿಲ್ಲ, ಸಿಗಲೂಬಾರದು. ಏಬಲ್‌ಟನ್‌ಗೆ ಇಂಥ ಉದ್ದದ ಫೈಲ್ ಎಳೆದು ಹಾಕಿದರೆ ಅದು ತಾನೇ ತಾಳ ಊಹಿಸಿ ದನಿಯನ್ನು ಎಳೆದಾಡಬಹುದು. ‘ವಾರ್ಪ್’ ಬಟನ್ ಆಫ್ ಮಾಡಿ. ರೀಪರ್‌ನಲ್ಲೂ ಒಂದು ತೊಡಕಿದೆ. ಹಾಡು ಹಾಕಿದ ಮೇಲೆ ಬಿಪಿಎಂ (ನಿಮಿಷಕ್ಕೆ ಎಷ್ಟು ತಾಳ ಅನ್ನೋ ಲೆಕ್ಕ) ಬದಲಿಸಿದರೆ ಹಾಡಿನ ವೇಗವೇ ಬದಲಾಗುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಟೈಮ್‌ಬೇಸನ್ನು ‘ಟೈಮ್’ ಅಂತ ಮಾಡಿ. ಆಲ್ಟ್ ಮತ್ತು ಎಸ್ ಒತ್ತಿ, ಗೆರೆಗೇ ಅಂಟಿಕೊಳ್ಳುವ ‘ಸ್ನ್ಯಾಪಿಂಗ್’ ಆಫ್ ಮಾಡಿ. ಕತ್ತರಿ ಆಗ ನೀವು ಹೇಳಿದ ಕಡೆಯೇ ಬೀಳುತ್ತದೆ.

ಮೂರನೆಯದು ತಮಟೆ. ಬೆಂಕಿಗೆ ಕಾಯಿಸಿ ತಂದ ತಮಟೆಯ ಮೊದಲ ಏಟಿಗೇ ಮೀಟರ್ ಕೆಂಪಾಗುತ್ತದೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯ ಅದು, ಒಡೆದ ಸದ್ದಿನಲ್ಲಿ ಕೇಳಿಸಬೇಡಿ. ಜೋರು ಏಟು ಮೈನಸ್ 12 ಡೆಸಿಬಲ್ ದಾಟದ ಹಾಗೆ ಗೇನ್ (ಮೈಕಿನಿಂದ ಒಳಗೆ ಬರುವ ಸದ್ದಿನ ಮಟ್ಟ) ಇಳಿಸಿ, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ರೆಕಾರ್ಡ್ ಆಗುವಾಗಲೇ ಒಡೆದ ಸದ್ದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿ ಮಾಡದು. ಆನ್‌ಲೈನ್‌ನಲ್ಲಿ ಮೈಕ್, ಸ್ಟ್ಯಾಂಡ್, ಸ್ಪಾಂಜ್ ಎಲ್ಲ ಸೇರಿಸಿ ಮಾರುವ ಅಗ್ಗದ ‘ಸ್ಟುಡಿಯೊ ಕಿಟ್’ ಇದೆಯಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ. ಸ್ಟ್ಯಾಂಡ್ ಒಂದೇ ಕೆಲಸಕ್ಕೆ ಬರೋದು.

4. ದುಡ್ಡು

ರೀಪರ್ 60 ದಿನ ಪೂರ್ತಿಯಾಗಿ ಬಳಸಲು ಸಿಗುತ್ತದೆ. ವೈಯಕ್ತಿಕ ಲೈಸೆನ್ಸ್ 60 ಡಾಲರ್. ಎಫ್‌ಎಲ್ ಸ್ಟುಡಿಯೊ ಟ್ರಯಲ್‌ನಲ್ಲಿ ಸೇವ್ ಮಾಡಿದ ಪ್ರಾಜೆಕ್ಟ್ ಕೊಳ್ಳುವವರೆಗೂ ಮತ್ತೆ ತೆರೆಯುವುದಿಲ್ಲ, ಹಾಗಾಗಿ ಅದೇ ಕೂತಲ್ಲೇ ಕೆಲಸ ಮುಗಿಸಿ, ಹಾಡನ್ನು ವೇವ್ (.wav) ಫೈಲ್ ಆಗಿ ತೆಗೆದಿಟ್ಟುಕೊಳ್ಳಿ. ಪ್ರೊ ಟೂಲ್ಸ್ ಇಂಟ್ರೊ ಉಚಿತ, ಆದರೆ 8 ಆಡಿಯೊ ಟ್ರ್ಯಾಕ್ ಮಾತ್ರ.

ಕ್ರ್ಯಾಕ್ ಮಾಡಿದ್ದು ಬೇಡ. ‘ಆ್ಯಂಟಿವೈರಸ್ ಆಫ್ ಮಾಡಿ ಹಾಕಿ’ ಅಂತ ಹೇಳುವಾಗಲೇ ಅನುಮಾನ ಬರಬೇಕು, ಅಲ್ವಾ?

5. ಫೈಲ್ ಕೊಡುವಾಗ

ಬೇರೆಯವರು ಮಿಕ್ಸ್ ಮಾಡುತ್ತಾರೆ ಅಂದರೆ ಪ್ರಾಜೆಕ್ಟ್ ಫೈಲ್ ಕಳಿಸಬೇಡಿ, ಅವರ ಸಾಫ್ಟ್‌ವೇರ್ ಬೇರೆ ಇರುತ್ತದೆ. ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದ ಶುರುವಾಗುವ ಹಾಗೆ ಬೇರೆ ಬೇರೆ ವೇವ್ ಆಗಿ ತೆಗೆಯಿರಿ. ವಿಡಿಯೊಗೆ ಹೋಗುವುದಾದರೆ 48 ಕಿಲೋಹರ್ಟ್ಜ್. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಅಂತಲೇ ಕಳಿಸಿ. ಫೈಲಿಗೆ ‘ನ್ಯೂ ಫೈನಲ್ 2’ ಬೇಡ, ‘ತಮಟೆ’, ‘ಹಾರ್ಮೋನಿಯಂ’ ಅಂತ ಹೆಸರಿಡಿ.