ಬೀಟಲ್ ಎಂಜಿನ್ ನಡುಗುತ್ತಿತ್ತು: ವಾಲ್ವ್ ಸಂದು ಸರಿಪಡಿಸಿದ ಕ್ರಮ

ಚಿಕ್ಕಬಳ್ಳಾಪುರದಲ್ಲಿರುವ ನಮ್ಮ ಹಳೆಯ 1600 ಸಿಸಿ ಫೋಕ್ಸ್‌ವ್ಯಾಗನ್ ಬೀಟಲ್ ನಿಂತಲ್ಲೇ ನಡುಗುತ್ತಿತ್ತು. ನಂದಿ ಬೆಟ್ಟದ ತಿರುವುಗಳಲ್ಲಿ ಎಳೆಯುತ್ತಲೇ ಇರಲಿಲ್ಲ. ಸ್ಪಾರ್ಕ್ ಪ್ಲಗ್ ಬದಲಿಸಿದೆ, ಕಾರ್ಬ್ಯುರೇಟರ್ ತೊಳೆಸಿದೆ, ಹೊಸ ಕಾಯಿಲ್ ಹಾಕಿಸಿದೆ. ಪ್ರಯೋಜನವಾಗಲಿಲ್ಲ.

ಕೊನೆಗೆ ವಾಲ್ವ್ ಕವರ್ ತೆಗೆದು ನೋಡಿದರೆ 3ನೇ ಸಿಲಿಂಡರಿನ ಎಕ್ಸಾಸ್ಟ್ (ಹೊಗೆ ಹೊರಬಿಡುವ) ವಾಲ್ವಿಗೆ ಸಂದೇ ಉಳಿದಿರಲಿಲ್ಲ. ಸಂದು ಎಂದರೆ ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರ್ ತೋಳಿನ ತಿರುಪಿಗೂ ನಡುವಿನ ಅಂತರ; ಅದಿಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ.

ಈ ಎಂಜಿನ್ನಿನಲ್ಲಿ ಸಿಲಿಂಡರುಗಳು ಎಡಬಲಕ್ಕೆ ಮಲಗಿರುತ್ತವೆ. ಎದುರುಬದುರಿನ ಪಿಸ್ಟನ್‌ಗಳು ಒಟ್ಟಿಗೆ ಹೊರಕ್ಕೆ, ಒಟ್ಟಿಗೆ ಒಳಕ್ಕೆ ಚಲಿಸುವುದರಿಂದ ಒಂದರ ಅದುರನ್ನು ಇನ್ನೊಂದು ತಗ್ಗಿಸುತ್ತದೆ. ಸೆಸ್ನಾ 172 ವಿಮಾನ, ಪೋರ್ಶೆ 911 ಕಾರಿನದೂ ಇದೇ ವಿನ್ಯಾಸ. ಆದರೆ ಇದರಿಂದಲೇ ಒಂದು ತೊಡಕು: ಕ್ರ್ಯಾಂಕ್ ಪುಲ್ಲಿಯ ಗುರುತು ಎಂಜಿನ್ನಿನ ನಡುವಿನ ಗೀಟಿಗೆ ಕೂಡಿದಾಗ 1 ಮತ್ತು 3, ಎರಡೂ ಪಿಸ್ಟನ್‌ಗಳು ಹೊರತುದಿಯಲ್ಲಿರುತ್ತವೆ. ಆದರೆ ಎರಡೂ ವಾಲ್ವ್ ಮುಚ್ಚಿರುವ, ಅಂದರೆ ಉರಿಯುವ ಹಂತದಲ್ಲಿರುವ ಸಿಲಿಂಡರಿನ ಸಂದನ್ನೇ ಅಳೆಯಬೇಕು. ಹಾಗಾಗಿ ಗುರುತನ್ನು ಮಾತ್ರ ನಂಬಬಾರದು. ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು, ಒಳಗೆ ತಿರುಗುವ ರೋಟರ್ ಡಿಸ್ಟ್ರಿಬ್ಯೂಟರ್ ಅಂಚಿನ ಗೀರಿನತ್ತ ತಿರುಗಿದೆಯೇ ನೋಡಬೇಕು. ತಿರುಗಿದ್ದರೆ ಈಗ ಅಳೆಯಬೇಕಾದ್ದು 1ನೇ ಸಿಲಿಂಡರ್.

ಎಂಜಿನ್ ರಾತ್ರಿಯಿಡೀ ತಣಿದಿರಬೇಕು. ಇನ್‌ಟೇಕ್ (ಒಳಸೇರಿಸುವ), ಎಕ್ಸಾಸ್ಟ್ ವಾಲ್ವ್ ಎರಡಕ್ಕೂ ಸಂದು 0.15 ಮಿ.ಮೀ. ಸಂದು ಅಳೆಯುವ ಫೀಲರ್ ಗೇಜಿನ ತೆಳು ಅಲಗು ತುಸು ಹಿಡಿದಂತೆ ಜಾರಬೇಕು. ತಿರುಪನ್ನು ಸ್ಕ್ರೂಡ್ರೈವರಿನಲ್ಲಿ ಅಲುಗದಂತೆ ಹಿಡಿದು ನಟ್ ಬಿಗಿ ಮಾಡಿ, ಮತ್ತೆ ಅಳೆಯಿರಿ. ಬಿಗಿಯುವಾಗಲೇ ಅಳತೆ ಜರುಗುತ್ತದೆ. ನಂತರ ಪುಲ್ಲಿಯನ್ನು ಹಿಮ್ಮುಖವಾಗಿ ಅರ್ಧ ಸುತ್ತು ತಿರುಗಿಸಿದರೆ 2, ಇನ್ನರ್ಧಕ್ಕೆ 3, ಮತ್ತರ್ಧಕ್ಕೆ 4. ಉರಿಯುವ ಕ್ರಮ 1-4-3-2 ಆದ್ದರಿಂದ ಹಿಮ್ಮುಖದಲ್ಲಿ ಎಣಿಕೆ ನೇರವಾಗಿ ಸಿಗುತ್ತದೆ. ಕವರ್ ಮುಚ್ಚುವಾಗ ಹೊಸ ಕಾರ್ಕ್ ಗ್ಯಾಸ್ಕೆಟ್ ಹಾಕಿ.

ನಡುಕ ನಿಂತಿದೆ, ಬೆಟ್ಟ ಹತ್ತುತ್ತದೆ. ಅದೇ ವಾಲ್ವಿನ ಸಂದು ಬೇಗನೆ ಮತ್ತೆ ಮುಚ್ಚಿಕೊಂಡರೆ ವಾಲ್ವ್ ಹಿಗ್ಗುತ್ತಿರಬಹುದು. ಆಗ ಓಡಿಸದೆ, ವಾಲ್ವ್‌ಗಳು ಕೂತಿರುವ ಸಿಲಿಂಡರ್ ಹೆಡ್ ಬಿಚ್ಚಿಸಬೇಕು.